ಅವ್ವನ ಮುಷ್ಟಿ, ಹುಸೇನಸಾಬನ ಸುಳ್ಳು

ಉಪ್ಪು ಹಾಕಿದ ಚಹಾದ ಕಥೆ ನಿಮಗೆ ನೆನಪಿರಬೇಕು.

ಶ್ರಾವಣದಲ್ಲಿ ಇದೇ ಜಾಗದಲ್ಲಿ ಬರೆದಿದ್ದೆ. ಅಣ್ಣನ ಮಗಳನ್ನು ನೋಡಲು ಗದಗಿನಿಂದ ಐದು ಜನ ಬಂದಿದ್ದರು. ಚಹಾ ನಾನೇ ಮಾಡುತ್ತೇನೆಂದು ಅವ್ವ ಹಟ ಹಿಡಿದಳು. ಮಾಡಿದಳು. ಸಕ್ಕರೆ ಬೀಳಬೇಕಾದಲ್ಲಿ ಉಪ್ಪು ಬಿತ್ತು. ಬಂದವರು ತುಟಿ ಪಿಟಕ್ಕೆನ್ನದೆ ಕಪ್ಪಿನ ತಳ ಕಾಣುವ ತನಕ ಕುಡಿದರು. ಇಷ್ಟು ಸಹನೆಯ ಮನೆತನ ಮತ್ತೆ ಸಿಗಲಿಕ್ಕಿಲ್ಲ, ಕೂಡಲೇ ಎಲೆ ಅಡಿಕೆ ಬದಲಿಸಿಕೊಳ್ಳುವುದು ಒಳ್ಳೆಯದು ಎಂದು ನಾನು ಅಣ್ಣನಿಗೆ ಬಹಿರಂಗ ಸಲಹೆ ಕೊಟ್ಟಿದ್ದೆ.

ನೀವು ನಕ್ಕಿರಿ. ಪತ್ರಗಳು ಬಂದವು. ಗುಡಗೇರಿಯ ಓದುಗರೊಬ್ಬರು ತಮ್ಮ ತಂದೆ ಒಂದು ಕಾಲಿಗೆ ಮಗನ ಚಪ್ಪಲಿ, ಇನ್ನೊಂದಕ್ಕೆ ತಮ್ಮದು ಮೆಟ್ಟಿಕೊಂಡು ಇಡೀ ಸಂತೆ ಮುಗಿಸಿ ಬಂದದ್ದನ್ನು ಬರೆದರು. ನನ್ನ ಯಾವ ಬರಹಕ್ಕೂ ಅಷ್ಟು ಪತ್ರ ಬಂದಿರಲಿಲ್ಲ. (ಬರೆಯುವವರ ಜಾತಿಗೆ ಇಷ್ಟು ಸಾಕು. ಎರಡು ದಿನ ಕಾಲು ನೆಲಕ್ಕೆ ತಾಗುವುದಿಲ್ಲ.)

ಅವುಗಳಲ್ಲಿ ಒಂದು ಕಾರ್ಡು ಕುಂದಗೋಳದ್ದು. ನಿವೃತ್ತ ಕಂಪೌಂಡರರೊಬ್ಬರು ಬರೆದದ್ದು. ಎರಡೇ ಸಾಲು. ‘ಲೇಖನ ಓದಿ ನಗು ಬಂತು. ತಾಯಿಯವರ ಬಿಪಿ ಒಮ್ಮೆ ನೋಡಿಸಿರಿ.’

ಎಂಥ ಒಣ ಮನುಷ್ಯ ಅಂದುಕೊಂಡೆ. ಕಾರ್ಡನ್ನು ಉಳಿದವುಗಳ ಕೆಳಗೆ ಸೇರಿಸಿದೆ.

ಆವತ್ತು ನೀವು ಕೊಟ್ಟ ನಗುವನ್ನು ಇವತ್ತು ವಾಪಸು ಮಾಡಲು ಬಂದಿದ್ದೇನೆ. ಅದು ನನ್ನ ಮನೆಯಲ್ಲಿ ಇರಲಾರದು.

ಅಣ್ಣಿಗೇರಿಯಿಂದ ಮೂರು ಮೈಲಿ ನಮ್ಮೂರು. ನಾನು ಹುಬ್ಬಳ್ಳಿಯಲ್ಲಿ ಮಾಸ್ತರಿಕೆ ಮಾಡುತ್ತೇನೆ. ಹೊಲ ಮನೆ ಅಣ್ಣನದು, ಅವನ ಜೊತೆಗೇ ಅವ್ವ. ಆಕೆಗೆ ಅರವತ್ತೆಂಟು. ಬೆನ್ನು ಇನ್ನೂ ಬಾಗಿಲ್ಲ, ಮಾತು ಮೊದಲೇ ಬಾಗುವಂಥದ್ದಲ್ಲ. ಚಹಾದ ಲೇಖನವನ್ನು ಅಣ್ಣ ಓದಿ ಹೇಳಿದಾಗ ನನಗೆ ಬೈದಿದ್ದಳು. “ನಮ್ಮ ಮನಿ ಚಾ ಊರಿಗೆಲ್ಲಾ ಯಾಕ ಕುಡಿಸಿದಿ?”

ಪೇಟೆಯ ಓದುಗರಿಗಾಗಿ ಬಿತ್ತಿಗೆಯ ಮಾತು ಸ್ವಲ್ಪ ಹೇಳಬೇಕು. ನಮ್ಮ ಎರೆ ಹೊಲಗಳಲ್ಲಿ ಜೋಳ ಬಿತ್ತುವುದು ಕೂರಿಗೆಯಿಂದ. ಮುಂದೆ ಎತ್ತು. ಹಿಂದೆ ಕೂರಿಗೆ. ಅದರ ಮೇಲೆ ಮರದ ಬಟ್ಟಲು, ಬಟ್ಟಲಿನ ತಳದಲ್ಲಿ ಮೂರು ತೂತು, ತೂತಿನಿಂದ ಮಣ್ಣಿನ ತನಕ ಮೂರು ಬಿದಿರಿನ ನಳಿಕೆ. ಒಬ್ಬ ಗಂಡಸು ಎತ್ತು ಹೊಡೆಯುತ್ತಾನೆ. ಒಬ್ಬ ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತ, ಬಟ್ಟಲಿನ ಮೇಲೆ ಮುಷ್ಟಿ ಹಿಡಿದು, ಬೆರಳ ಸಂದಿಯಿಂದ ಕಾಳು ಬಿಡುತ್ತಾಳೆ. ಹೆಚ್ಚು ಬಿಟ್ಟರೆ ಪೈರು ಒತ್ತಾಗುತ್ತದೆ. ಕಡಿಮೆ ಬಿಟ್ಟರೆ ತೆಳುವಾಗುತ್ತದೆ. ಇದಕ್ಕೆ ಅಳತೆ ಇಲ್ಲ, ತೂಕ ಇಲ್ಲ. ಆ ಮುಷ್ಟಿಯೇ ಎಲ್ಲ.

ಆ ಕೆಲಸ ಮನೆಯ ಹಿರಿ ಹೆಣ್ಣುಮಗಳದ್ದು. ಆಕೆ ಸ್ನಾನ ಮಾಡಿ, ಕೂರಿಗೆಗೆ ಕುಂಕುಮ ಹಚ್ಚಿ ಉಡಿ ಕಟ್ಟಿದಳೆಂದರೆ ಸಾಲು ಮುಗಿಯುವವರೆಗೆ ಯಾರೂ ಆಕೆಯನ್ನು ಮಾತಾಡಿಸುವಂತಿಲ್ಲ. ನಮ್ಮೂರಲ್ಲಿ ಅವ್ವನ ಕೈಗೆ ಎಷ್ಟು ಬೆಲೆ ಎಂದರೆ ನಾಲ್ಕಾರು ಮನೆಯವರು ತಮ್ಮ ಹೊಲದ ಮೊದಲ ಸಾಲಿಗೆ ಆಕೆಯನ್ನೇ ಕರೆಯುತ್ತಿದ್ದರು. ಆ ದಿನಗಳಲ್ಲಿ ಅವ್ವನ ನಡಿಗೆ ನೋಡಬೇಕಿತ್ತು. ಮಂತ್ರಿಗಳು ಶಂಕುಸ್ಥಾಪನೆಗೆ ಹೋದ ಹಾಗೆ.

ಎತ್ತು ಹೊಡೆಯುವವನು ಹುಸೇನಸಾಬ. ಅರವತ್ತರ ಹತ್ತಿರ. ಇಪ್ಪತ್ತು ವರ್ಷದಿಂದ ನಮ್ಮ ಹೊಲದಲ್ಲಿ ಅವನು ಮುಂದೆ, ಅವ್ವ ಹಿಂದೆ. ನನಗೆ ಅವನು ಹುಸೇನ ಕಾಕಾ. ನಮ್ಮ ಹೊಲಕ್ಕೆ ಬರುವ ಎಷ್ಟೋ ಮೊದಲು ನನಗೆ ಈಜು ಕಲಿಸಿದವನು ಅವನೇ. (ಬಾವಿಗೆ ನೂಕಿದ ಎಂದರೆ ಹೆಚ್ಚು ನಿಜ.)

ಈ ಸಲ ಹಿಂಗಾರಿಯ ಹದ ಚೆನ್ನಾಗಿತ್ತು. ಜೋಳದ ಬಿತ್ತಿಗೆ ಒಂದೇ ದಿನದಲ್ಲಿ ಮುಗಿಯಿತು. ಎಂಟು ದಿನಕ್ಕೆ ಮೊಳಕೆ ಎದ್ದಿತು. ನೋಡಲು ಹೋದ ಅಣ್ಣ ಬದುವಿನ ಮೇಲೆ ನಿಂತುಬಿಟ್ಟ.

ಹೊಲದ ತುಂಬ ತೂತು.

ಹತ್ತು ಮಾರು ಪೈರು ಇದೆ. ಆಮೇಲೆ ಆರು ಮಾರು ಬರೀ ಮಣ್ಣು. ಮತ್ತೆ ಪೈರು, ಅದೂ ಒಂದರ ಮೇಲೊಂದು ಬಿದ್ದ ಹಾಗೆ ಒತ್ತು. ಮತ್ತೆ ಬರೀ ಮಣ್ಣು. ಬೀಜ ಕೆಟ್ಟಿದೆಯೇ ಎಂದರೆ ಅದೇ ಬೀಜ ಬಾಜು ಹೊಲದಲ್ಲಿ ಸರಿಯಾಗಿ ಹುಟ್ಟಿದೆ. ನಳಿಕೆಗೆ ಮಣ್ಣು ಕಟ್ಟಿತ್ತೇ ಎಂದರೆ ಒಂದು ನಳಿಕೆಯ ಸಾಲು ಹೋಗಬೇಕು, ಇಲ್ಲಿ ಮೂರೂ ಸಾಲು ಒಟ್ಟಿಗೇ ಖಾಲಿ. ಹಾಗಾದರೆ ಉಳಿದವನು ಎತ್ತು ಹೊಡೆದವನು. ಅಣ್ಣನ ಲೆಕ್ಕ ಇಷ್ಟು. ಅವ್ವನ ಕೈ ಎಂಬ ಮಾತು ಅವನ ತಲೆಗೆ ಬರಲೇ ಇಲ್ಲ. ಬಂದಿದ್ದರೂ ಬಾಯಿಗೆ ಬರುತ್ತಿರಲಿಲ್ಲ.

“ಬಿತ್ತೂದಂದ್ರ ಎತ್ತ ಓಡಿಸೂದಲ್ಲ ಹುಸೇನಸಾಬ. ನಿನ್ನ ಲಕ್ಷ್ಯ ಎಲ್ಲಿತ್ತು?”

“ತಪ್ಪಾತ್ರಿ ಅಣ್ಣಾರ. ಎತ್ತ ಜೋರ ನಡದ್ವು. ನಾ ಹಿಡೀಲಿಲ್ಲ.”

“ಕಡ್ಲಿ ಬಿತ್ತಿಗಿಗೆ ನೀ ಬರಬ್ಯಾಡ.”

“ಆತ್ರಿ.”

ಇಷ್ಟೇ ಮಾತು. ಇಪ್ಪತ್ತು ವರ್ಷ ಮುಗಿಯಿತು. ಅಣ್ಣ ಇದನ್ನೆಲ್ಲ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು, ಕೊನೆಗೆ ಮಡಿಸುವ ಅಂಚಿನಲ್ಲಿ ಸಣ್ಣಗೆ ಸೇರಿಸಿದ್ದ. ‘ಅವ್ವ ನಿನ್ನೆ ರೊಟ್ಟಿ ಸುಡುತ್ತ ಸುಮ್ಮಸುಮ್ಮನೆ ಅತ್ತಳು. ಕೇಳಿದರೆ ನಕ್ಕಳು. ಒಮ್ಮೆ ಬಂದು ಹೋಗು.’

ಶನಿವಾರ ಸಾಲೆ ಬಿಟ್ಟವನೇ ಗದಗಿನ ಪ್ಯಾಸೆಂಜರ್ ಹತ್ತಿದೆ.

ಅವ್ವ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ. ಸ್ವಲ್ಪ ಹೊತ್ತಿಗೆ ನೋಡಿದೆ, ಎರಡೂ ಒಂದೇ ಬುಟ್ಟಿಗೆ ಹೋಗುತ್ತಿದ್ದವು. ನಾನು ಬುಟ್ಟಿ ಸರಿಸಿದೆ. ಆಕೆಗೆ ಸಿಟ್ಟು ಬಂತು. “ನನಗ ಕಲಿಸಾಕ ಬಂದೀಯೇನ?” ಎಂದಳು. ಹೊಲದ ವಿಷಯ ಎತ್ತಿದೆ. “ನನ್ನ ಕೈ ತಪ್ಪೂದಿಲ್ಲ” ಎಂದಳು. ಅಲ್ಲಿಗೆ ಮುಗಿಯಿತು.

ನಾನೇನು ಮಾಡಿದೆ ಗೊತ್ತೇ? ಬುದ್ಧಿವಂತ ಮಗ ಮಾಡುವುದನ್ನೇ ಮಾಡಿದೆ. ಎದ್ದು ಹುಸೇನಸಾಬನ ಮನೆಗೆ ಹೋಗಿ ಅವನಿಗೆ ಬುದ್ಧಿ ಹೇಳಿದೆ. ಸಾಲೆಯಲ್ಲಿ ಮಕ್ಕಳಿಗೆ ಹೇಳಿ ಹೇಳಿ ರೂಢಿ. ನಂಬಿಕೆ ಎಂದರೇನು, ದುಡಿಮೆ ಎಂದರೇನು, ವಯಸ್ಸಾದಂತೆ ಎಚ್ಚರ ಹೇಗೆ ಹೆಚ್ಚಬೇಕು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ.

ಒಳಗಿನಿಂದ ಅವನ ಹೆಂಡತಿ ಬಂದರು. ನಾವು ಕಾಕಿ ಎನ್ನುತ್ತೇವೆ. ಅಷ್ಟು ವರ್ಷದಲ್ಲಿ ಅವರ ಗಟ್ಟಿ ದನಿ ನಾನು ಕೇಳಿರಲಿಲ್ಲ.

“ಖರೇದ್ದ ಹೇಳವಲ್ರ್ಯಾಕ? ಇನ್ನೆಷ್ಟ ದಿವಸ ಬೈಸ್ಕೊಂತ ಕುಂಡ್ರಾವ್ರು?”

“ನೀ ಒಳಗ ಹೋಗು.”

“ಹೋಗೂದಿಲ್ಲ. ಮಾಸ್ತರ, ನೀವರ ಕೇಳ್ರಿ. ಎತ್ತ ಓಡ್ಲಿಲ್ಲ, ಏನ ಇಲ್ಲ. ನಿಮ್ಮವ್ವಾರ ಕೈಯಾಗಿಂದ ಕಾಳ ಬೀಳ್ಲಿಲ್ಲ.”

ಹುಸೇನಸಾಬ ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಹೇಳಿದ.

“ತಮ್ಮಾ, ನಾಕನೇ ಸಾಲಿನ ತನಕ ಎಲ್ಲಾ ಬರೋಬರಿ ಇತ್ತು. ನಳಿಕ್ಯಾಗ ಕಾಳ ಬೀಳೂ ಸಪ್ಪಳ ನನಗ ಕೇಳಸ್ತಿರತೈತಿ. ಇಪ್ಪತ್ತ ವರ್ಷದ ಸಪ್ಪಳ ಅದು. ಐದನೇ ಸಾಲಿನ್ಯಾಗ ಸಪ್ಪಳ ನಿಂತು. ತಿರುಗಿ ನೋಡಿದೆ. ಅವ್ವಾರ ಮುಟಗಿ ಬಟ್ಟಲ ಮ್ಯಾಲ ಐತಿ. ಬಿಗಿ ಐತಿ. ತೆರೀವಲ್ದು. ಅವ್ವಾರ ನಡಕೋತ ಬರಾಕತ್ತಾರ. ಅವರಿಗೆ ಗೊತ್ತ ಇಲ್ಲ.”

“ನೀ ಏನೂ ಅನಲಿಲ್ಲ?”

“‘ಅವ್ವಾರ, ಕಾಳ’ ಅಂದೆ. ‘ಬಿಡಾಕತ್ತೀನಲ್ಲೋ’ ಅಂದ್ರು. ಬಾಯಿ ಒಂದ ಕಡೆ ವಾರಿ ಆಗಿತ್ತು. ನೀರ ಕೊಟ್ಟೆ. ಅರ್ಧಾ ನೀರ ಗದ್ದದ ಮ್ಯಾಲಿಂದ ಹರದ ಹೋತು. ಆಮ್ಯಾಲ ಸರಿ ಆದ್ರು. ಮತ್ತ ಸಪ್ಪಳ ಬಂತು. ಮತ್ತ ನಿಂತು. ದಿನಾ ಎಲ್ಲಾ ಹಂಗ ನಡೀತು. ಸಂಜೀಕ ಎಲ್ಲಾರೂ ಹೋದ ಮ್ಯಾಲ ನಾ ಒಬ್ಬನ ಬಂದು ಒಂದಿಷ್ಟ ಕಾಳ ಕೈಲೆ ಊರಿದೆ. ಎಲ್ಲಾ ಆಗ್ಲಿಲ್ಲ.”

“ಮತ್ತ ಅವತ್ತ ಅಣ್ಣಗ ಯಾಕ ಹೇಳಲಿಲ್ಲ ಕಾಕಾ?”

“ಹೊಲದಾಗ ಎಂಟ ಮಂದಿ ಇದ್ರು. ಊರ ಮಂದಿ ಮೊದಲ ಸಾಲಿಗೆ ಕರಿಯೂ ಕೈ ಅದು. ಆ ಕೈ ಹೋತು ಅಂತ ನಾ ಒದರಲಿ? ನನಗ ಬೈದ್ರ ಎರಡ ದಿವಸ ಬೈತೀರಿ, ಬಿಡ್ತೀರಿ. ಅವ್ವಾರಿಗೆ ಒಮ್ಮೆ ಆ ಮಾತ ಅಂದ್ರ ಮುಗದ ಹೋತಲ್ಲ.”

ನಾನು ಅರ್ಧ ಗಂಟೆ ಭಾಷಣ ಮಾಡಿದ್ದು ಇಂಥ ಮನುಷ್ಯನಿಗೆ. ಕಾಕಿ ಚಹಾ ತಂದು ಮುಂದಿಟ್ಟರು. ಕುಡಿಯಲು ಆಗಲಿಲ್ಲ.

ಸೋಮವಾರ ಅವ್ವನನ್ನು ಹುಬ್ಬಳ್ಳಿಗೆ ಕರೆತಂದೆವು. ಡಾಕ್ಟರ ಹತ್ತಿರ ಎಂದರೆ ಬರುವವಳಲ್ಲ. ಅಣ್ಣನಿಗೆ ತೋರಿಸಬೇಕು, ನೀನು ಜೊತೆಗೆ ಬಾ ಎಂದೆವು. ಮಗನಿಗೆ ಎಂದಮೇಲೆ ಆಕೆಯೇ ಮುಂದೆ ನಡೆದಳು.

ಡಾಕ್ಟರು ವಯಸ್ಸಾದವರು, ಸಮಾಧಾನದವರು. ಇದು ಯಾವ ತಿಂಗಳು ಎಂದು ಕೇಳಿದರು. “ಹಿಂಗಾರಿ ಬಿತ್ತಿಗಿ ತಿಂಗಳ” ಎಂದಳು. ಇದರಲ್ಲಿ ತಪ್ಪು ಹಿಡಿಯುವುದು ಹೇಗೆ? ಪ್ರಧಾನಮಂತ್ರಿ ಯಾರು ಎಂದರು. “ಯಾರರ ಇರವಲ್ರ್ಯಾಕ. ಅವರೇನ ನಮ್ಮ ಹೊಲಕ್ಕ ಬರ್ತಾರೇನ?” ಎಂದಳು. ಡಾಕ್ಟರು ನಕ್ಕರು. ನಾವೂ ನಕ್ಕೆವು. ಏನೂ ಆಗಿಲ್ಲ ಎಂದು ನನಗೆ ಧೈರ್ಯ ಬಂತು.

“ಅವ್ವಾರ, ಕಣ್ಣ ಮುಚ್ಚಿ ಎರಡೂ ಕೈ ಮುಂದ ಚಾಚ್ರಿ” ಎಂದರು.

ಚಾಚಿದಳು. ಹತ್ತು ಎಣಿಸುವಷ್ಟು ಹೊತ್ತು. ಎಡಗೈ ಅಲ್ಲೇ ಇತ್ತು. ಬಲಗೈ, ಕಾಳು ಬಿಡುವ ಕೈ, ಮೆಲ್ಲಗೆ ತಾನಾಗಿ ಕೆಳಗಿಳಿಯಿತು. ಇಳಿದು ತೊಡೆಯ ಮೇಲೆ ಬಂದು ಕುಳಿತಿತು.

“ಎರಡೂ ಮ್ಯಾಲ ಅದಾವೇನ್ರಿ?” ಡಾಕ್ಟರು ಕೇಳಿದರು.

“ಅದಾವಲ್ಲ” ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ.

ಅಣ್ಣ ಗೋಡೆಯ ಕಡೆ ತಿರುಗಿದ. ಅವನು ಅತ್ತದ್ದನ್ನು ನಾನು ನೋಡಿದ್ದು ಅಪ್ಪ ಹೋದಾಗ ಒಮ್ಮೆ, ಈಗ ಒಮ್ಮೆ.

ಬಿಪಿ ಇನ್ನೂರರ ಮೇಲಿತ್ತು. ಮೊದಲು ಎಂದಾದರೂ ನೋಡಿಸಿದ್ದಿರಾ ಎಂದರು. ನೋಡಿಸಿದ್ದೆವು. ಎರಡು ವರ್ಷದ ಹಿಂದೆ ತಲೆ ತಿರುಗಿದಾಗ ಅಣ್ಣಿಗೇರಿಯಲ್ಲಿ ತೋರಿಸಿದ್ದೆವು, ಅವರು ಗುಳಿಗೆ ಕೊಟ್ಟು ದಿನಾ ತೆಗೆದುಕೊಳ್ಳಬೇಕು ಎಂದಿದ್ದರು. ಆ ಗುಳಿಗೆ ಏನಾಯಿತು? ನಮಗೂ ಗೊತ್ತಿರಲಿಲ್ಲ. ಅವ್ವನೇ ಹೇಳಿದಳು, ಒಂದಿಷ್ಟೂ ಅಳುಕಿಲ್ಲದೆ.

“ಹದಿನೈದ ದಿವಸ ತಿಂದೆ. ಅರಾಮ ಆತು. ಉಳದದ್ದ ಬಾಜು ಮನಿ ಗಂಗವ್ವಗ ಕೊಟ್ಟೆ. ಪಾಪ, ಆಕಿಗೂ ತಲಿ ತಿರಗತಿತ್ತು.”

ನಮ್ಮ ಕಡೆ ಹೀಗೇ. ಮನೆಯಲ್ಲಿ ಏನು ಉಳಿದರೂ ಬಾಜುಮನೆಗೆ ಕೊಡಬೇಕು. ಮಜ್ಜಿಗೆ, ಉಪ್ಪಿನಕಾಯಿ, ಹುಗ್ಗಿ. ಈಗ ಗುಳಿಗೆ. ಜ್ವರದ ಗುಳಿಗೆಯ ಹಾಗೆಯೇ ಬಿಪಿ ಗುಳಿಗೆಯೂ ಅರಾಮಾದ ಮೇಲೆ ಬಿಡುವಂಥದ್ದು ಎಂದು ಆಕೆ ತಿಳಿದಿದ್ದಳು. ಆಕೆಯನ್ನು ಯಾಕೆ ಅನ್ನಲಿ? ಎರಡು ಡಿಗ್ರಿ ಇರುವ ನಾನು ಒಮ್ಮೆಯಾದರೂ ಕೇಳಿದೆನೇ?

ಆಮೇಲೆ ಡಾಕ್ಟರು ವಿವರಿಸಿದರು. ಅವರ ಮಾತನ್ನೇ ಬರೆಯುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಬೇಕಾದೀತು.

“ರಕ್ತ ಹರಿಯೂ ನಾಳ ಸಣ್ಣ ವಯಸ್ಸಿನ್ಯಾಗ ಮೆತ್ತಗಿರ್ತಾವ. ಬಿಪಿ ವರ್ಷಗಟ್ಟಲೆ ಹೆಚ್ಚಿದ್ರ ಅವು ಬಿರುಸಾಗ್ತಾವ, ಒಳಗ ದಪ್ಪಾಗ್ತಾವ, ದಾರಿ ಇಕ್ಕಟ್ಟಾಗ್ತದ. ಮಿದುಳಿನ್ಯಾಗಂತೂ ಕೂದಲೆಳಿಯಂಥಾ ನಾಳ. ಅದರಾಗ ಒಂದು ಮುಚ್ಚಿತಂದ್ರ, ಅದು ರಕ್ತ ಕೊಡೂ ಇಷ್ಟ ಜಾಗಾ ಸಾಯ್ತದ.”

“ಲಕ್ವಾ ಹೊಡದಂಗೇನ್ರಿ?” ಅಣ್ಣ ಕೇಳಿದ.

“ಸಣ್ಣ ಸಣ್ಣ ಲಕ್ವಾ. ಮನಿ ಮಂದಿಗೆ ಗೊತ್ತಾಗೂದಿಲ್ಲ. ಒಂದ ದಿವಸ ಚಹಾಕ್ಕ ಉಪ್ಪ ಬೀಳ್ತದ. ಎರಡ ತಿಂಗಳ ಏನೂ ಇಲ್ಲ. ಮತ್ತೊಂದ ದಿವಸ ಮತ್ತೇನೋ ಹೋಗ್ತದ. ಮೆಟ್ಟಲಾ ಇಳದಂಗ ಇಳೀತದ. ಸುಮ್ಮನ ಅಳು ಬರೂದು, ನಗು ಬರೂದು, ಸಿಟ್ಟ ಹೆಚ್ಚಾಗೂದು, ಎಲ್ಲಾ ಅದರಾಗಿಂದ.”

ಉಪ್ಪಿನ ಮಾತನ್ನು ನಾನು ಅವರ ಮುಂದೆ ಎತ್ತಿಯೇ ಇರಲಿಲ್ಲ. ಅವರೂ ಈ ಅಂಕಣ ಓದುತ್ತಾರೆಂದು ಆಗ ಗೊತ್ತಾಯಿತು. ಓದುಗರು ಸಿಕ್ಕಾಗ ನನಗೆ ಖುಷಿಯಾಗುವುದು ರೂಢಿ. ಆವತ್ತು ನೆಲ ನೋಡಿದೆ.

“ಕೂರಿಗಿ ನಳಿಕ್ಯಾಗ ಮಣ್ಣ ಕಟ್ಟಿದಂಗ” ಎಂದ ಅಣ್ಣ, ತನ್ನಷ್ಟಕ್ಕೆ.

“ಅಗದಿ ಬರೋಬರಿ. ಕಾಳ ಬೀಳವಲ್ದು ಅನ್ನೂದು ಆವತ್ತ ಗೊತ್ತಾಗೂದಿಲ್ಲ.”

“ಮತ್ತ ಬಿತ್ತಾಕ ಬರೂದಿಲ್ಲೇನ್ರಿ?”

“ಹೊಲಾ ಆದ್ರ ಬಿತ್ತಬಹುದು. ಇದನ್ನ ಬರೂದಿಲ್ಲ. ಹೋದದ್ದು ಹೋತು. ಬಿಪಿ ಹಿಡದ ಇಟ್ರ ಮುಂದಿನ ಮೆಟ್ಟಲಾ ಇಳೀದಂಗ ನೋಡ್ಕೋಬಹುದು. ದಿನಾ ಗುಳಿಗಿ. ಉಪ್ಪ ಕಡಿಮಿ. ಎಲಿ ಅಡಿಕಿ ಜೋಡಿ ತಂಬಾಕ ಬಂದ್. ಬಾಯಿ ವಾರಿ ಆದ ದಿವಸಾನ ಬಂದಿದ್ರ ಇನ್ನೂ ಚಲೋ ಇತ್ತು.”

ಆ ದಿವಸವೇ. ಹುಸೇನಸಾಬ ಅವ್ವನ ಮಾನ ಕಾಯಲು ಬಾಯಿ ಮುಚ್ಚಿಕೊಂಡ. ಅಣ್ಣ ಸಿಟ್ಟಿನಲ್ಲಿ ಕಣ್ಣು ಮುಚ್ಚಿಕೊಂಡ. ಹಾಗೆಂದು ತಪ್ಪನ್ನು ಅವರಿಬ್ಬರ ಮೇಲೆ ಹೊರಿಸಿ ನಾನು ಪಾರಾಗುವಂತಿಲ್ಲ. ಅವರಿಗಿಂತ ಎರಡು ತಿಂಗಳು ಮೊದಲೇ ನನಗೆ ಕಾರ್ಡು ಬಂದಿತ್ತು. ನಾನು ಅವ್ವನ ರೋಗವನ್ನು ಕಣ್ಣಾರೆ ನೋಡಿದ್ದೆ, ಒಂದೊಂದೇ ಲಕ್ಷಣ ಹೆಕ್ಕಿದ್ದೆ, ಚಂದ ಮಾಡಿ ಬರೆದಿದ್ದೆ, ಚಪ್ಪಾಳೆ ತೆಗೆದುಕೊಂಡಿದ್ದೆ.

ಎದ್ದು ಹೊರಡುವಾಗ ಡಾಕ್ಟರು ನಮ್ಮಿಬ್ಬರನ್ನೂ ಕುಳ್ಳಿರಿಸಿ ತೋಳಿಗೆ ಪಟ್ಟಿ ಸುತ್ತಿದರು. ತಾಯಿಗೆ ಇದ್ದದ್ದು ಮಕ್ಕಳಿಗೂ ಇರಬಹುದಂತೆ. ಅಣ್ಣನದು ನೂರಾ ಎಪ್ಪತ್ತು. (ನನ್ನದನ್ನು ಬರೆಯುವುದಿಲ್ಲ. ಮನೆಯಾಕೆ ಈ ಅಂಕಣ ಓದುತ್ತಾಳೆ.)

ರೈಲಿನಲ್ಲಿ ಬರುತ್ತ ಒಂದು ಮಾತು ತಲೆ ಕೊರೆಯಿತು. ಅರಳು ಮರಳು. ಎಷ್ಟು ಮುದ್ದಾದ ಮಾತು ನೋಡಿ. ಹೇಳಿದರೆ ಬಾಯಿಗೆ ಹಿತ, ಕೇಳಿದರೆ ನಗು. ಕೂದಲು ಬೆಳ್ಳಗಾಯಿತು, ಹಲ್ಲು ಬಿದ್ದವು, ಅರಳು ಮರಳಾಯಿತು. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ವಯಸ್ಸು ಎಂಬ ಚೀಟಿ ಅಂಟಿಸಿದೆವೆಂದರೆ ನಮ್ಮ ಕೆಲಸ ಮುಗಿಯಿತು. ಡಾಕ್ಟರರನ್ನು ಕೇಳಿದ್ದೆ, ವಯಸ್ಸಾದ ಮೇಲೆ ಇದು ಎಲ್ಲರಿಗೂ ಆಗುವುದೇ ಅಲ್ಲವೇ ಎಂದು. ಅಲ್ಲ ಎಂದರು. ಎಂಬತ್ತೈದರಲ್ಲೂ ಬುದ್ಧಿ ಚುರುಕಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಇದು ವಯಸ್ಸಲ್ಲ, ರೋಗ.

ನಮ್ಮ ಅಣ್ಣ ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರನ್ನು ಕರೆಸುತ್ತಾನೆ. ಅದರ ಕಿವಿ ಮುಟ್ಟಿ ನೋಡುತ್ತಾನೆ, ಸಗಣಿ ನೋಡುತ್ತಾನೆ, ಮೂಗಿನ ಮೇಲಿನ ಬೆವರು ನೋಡುತ್ತಾನೆ. ನಾನು ನನ್ನ ಸ್ಕೂಟರಿನ ಸದ್ದು ಒಂದಿಷ್ಟು ಬದಲಾದರೆ ಮೆಕ್ಯಾನಿಕನ ಬಳಿ ಓಡುತ್ತೇನೆ. ಅವ್ವನ ಸದ್ದು ಬದಲಾದದ್ದು ಹುಸೇನಸಾಬನಿಗೆ ಮಾತ್ರ ಕೇಳಿಸಿತು. ಯಾಕೆ? ಅವನೊಬ್ಬನೇ ಕಿವಿಗೊಟ್ಟು ನಡೆಯುತ್ತಿದ್ದ.

ಊರಿಗೆ ಬಂದ ಸಂಜೆಯೇ ಅಣ್ಣ ಹುಸೇನಸಾಬನ ಮನೆಗೆ ಹೋದ. ನಾನೂ ಹೋದೆ. ಕ್ಷಮಿಸು ಎಂಬ ಮಾತು ನಮ್ಮ ಕಡೆ ಪುಸ್ತಕದಲ್ಲಿ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ಅಣ್ಣ ಹೊಸ್ತಿಲಲ್ಲಿ ನಿಂತು ಮೋಡ ನೋಡಿದ. ಎತ್ತಿನ ಕಾಲಿನ ವಿಷಯ ಮಾತಾಡಿದ. ಕೊನೆಗೆ ಹೇಳಿದ.

“ಗುರುವಾರ ಕಡ್ಲಿ ಬಿತ್ತೂದೈತಿ. ಬಾ.”

“ಬರತೇನ್ರಿ.”

“ನೀ ಅವತ್ತ ಹೇಳಬೇಕಿತ್ತ ಹುಸೇನಸಾಬ.”

“ನೀವು ಕೇಳಬೇಕಿತ್ರಿ ಅಣ್ಣಾರ.”

ಅಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಕಾಕಿ ಒಳಗಿನಿಂದ ಚಹಾ ತಂದರು. ಈ ಸಲ ಇಬ್ಬರೂ ಕುಡಿದೆವು.

ಗುರುವಾರ ನಾನು ರಜೆ ಹಾಕಿ ಹೋದೆ. ಬಟ್ಟಲಿಗೆ ಕೈ ಯಾರದು ಎಂಬುದು ಮನೆಯಲ್ಲಿ ಎರಡು ದಿನದಿಂದ ಯಾರೂ ಆಡದ ಮಾತಾಗಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿಯೇ ಹಿಡಿಯಬೇಕು, ಬೇರೆ ದಾರಿ ಇಲ್ಲ. ಹೇಳುವವರು ಯಾರು? ಎಲ್ಲರಿಗಿಂತ ಮೊದಲು ಅವ್ವ ಸ್ನಾನ ಮಾಡಿ, ಉಡಿ ಕಟ್ಟಿ, ಕೂರಿಗೆಯ ಪಕ್ಕದಲ್ಲಿ ನಿಂತಿದ್ದಳು. ಆ ಉಡಿ ಬಿಚ್ಚು ಎಂದು ಹೇಳುವ ಎದೆ ನನಗಂತೂ ಇರಲಿಲ್ಲ. ಅಣ್ಣ ನನ್ನ ಮುಖ ನೋಡಿದ. ನಾನು ಬದು ನೋಡಿದೆ.

ಹುಸೇನಸಾಬ ಎತ್ತು ಕಟ್ಟುತ್ತ, ತಿರುಗಿಯೂ ನೋಡದೆ ಹೇಳಿದ. “ಕಡ್ಲಿ ಸಣ್ಣ ಬಾಯಾರ ಬಿಡಲಿ. ಕುಸುಬಿ ಅಕ್ಕಡಿ ಸಾಲಿಗೆ ಪಳಗಿದ ಕೈ ಬೇಕು. ಅದನ್ನ ಅವ್ವಾರ ಬಿಡಬೇಕ್ರಿ. ಬ್ಯಾರೆಯವರಿಗೆ ಬರೂದಿಲ್ಲ.”

ಅಕ್ಕಡಿ ಸಾಲು ಎಂದರೆ ಕಡಲೆಯ ನಡುನಡುವೆ ಹಾಕುವ ಕುಸುಬೆಯ ಒಂಟಿ ಸಾಲು. ಅದಕ್ಕೆ ಬೇರೆ ನಳಿಕೆ, ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿ ಎಳೆಯುವುದು. ಅದು ದೊಡ್ಡ ಕೆಲಸವಲ್ಲ. ಹೊಸದಾಗಿ ಬಿತ್ತಿಗೆ ಕಲಿಯುವವರಿಗೆ ಕೊಡುವ ಕೆಲಸ. ಅವ್ವನಿಗೂ ಇದು ಗೊತ್ತಿತ್ತು. ಹುಸೇನಸಾಬನ ಬೆನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಆಮೇಲೆ ಉಡಿಯ ಕಡಲೆಯನ್ನು ತಾನೇ ವೈನಿಯ ಉಡಿಗೆ ಸುರಿದಳು. “ಮುಟಗಿ ಬಿಗಿ ಹಿಡೀಬ್ಯಾಡ” ಎಂದು ಹೇಳಿಕೊಟ್ಟಳು.

ಕೂರಿಗೆ ಹೊರಟಿತು. ಎತ್ತು, ಹುಸೇನಸಾಬ, ವೈನಿ, ಎಲ್ಲರ ಹಿಂದೆ ಅವ್ವ. ನಾನು ಬದುವಿನ ಮೇಲೆ ಕುಳಿತು ನೋಡುತ್ತಿದ್ದೆ. ನಡುವೆ ನಡುವೆ ಎತ್ತು ನಿಲ್ಲುತ್ತಿದ್ದವು. ಹುಸೇನಸಾಬ ಬಗ್ಗಿ ನೊಗದ ಹಗ್ಗ ಬಿಗಿಯುವ ಹಾಗೆ ಮಾಡುತ್ತಿದ್ದ. ಹೊಸ ಹಗ್ಗ ಇಷ್ಟೊಂದು ಸಡಿಲವಾಗುವುದು ಹೇಗೆ? ಆಮೇಲೆ ನನಗೆ ತಿಳಿಯಿತು. ಒಂಟಿ ನಳಿಕೆಯ ಸಪ್ಪಳ ನಿಂತಾಗ ಅವನು ಎತ್ತು ನಿಲ್ಲಿಸುತ್ತಿದ್ದ. ವೈನಿ ಹಿಂದೆ ಬಂದು ಅವ್ವನ ಮಣಿಕಟ್ಟು ಮುಟ್ಟುತ್ತಿದ್ದಳು. ಮುಷ್ಟಿ ತೆರೆಯುತ್ತಿತ್ತು. ಮತ್ತೆ ಎತ್ತು ನಡೆಯುತ್ತಿದ್ದವು.

ಗುಳಿಗೆ ಈಗ ದಿನಾ ನಡೆದಿದೆ. ವೈನಿ ಎದುರು ನಿಂತು ನುಂಗಿಸುತ್ತಾಳೆ. ಗಂಗವ್ವನನ್ನೂ ಅಣ್ಣಿಗೇರಿಗೆ ಕರೆದೊಯ್ದು ಬಿಪಿ ನೋಡಿಸಿದ್ದಾಳೆ. ರೊಟ್ಟಿಯ ಜೊತೆಗಿನ ಕೆಂಪು ಮೆಣಸಿನಕಾಯಿ ರಂಜಕಕ್ಕೆ ಉಪ್ಪು ಅರ್ಧ. “ಉಪ್ಪ ಬಿಡಾಕ ನಾ ಏನ ತಪ್ಪ ಮಾಡೀನಿ?” ಎಂದು ಅವ್ವ ದಿನಕ್ಕೊಮ್ಮೆ ಕೇಳುತ್ತಾಳೆ. ಕುಂದಗೋಳದ ಕಂಪೌಂಡರರ ಕಾರ್ಡನ್ನು ಹುಡುಕಿ ತೆಗೆದು ಉತ್ತರ ಬರೆದೆ. ನಾನೂ ಎರಡೇ ಸಾಲು ಬರೆದೆ. ಮೂರನೆಯದು ಬರಲಿಲ್ಲ.

ಕಡಲೆ ಬಿತ್ತಿದ ದಿನದ ಕೊನೆಯ ಮಾತೊಂದು ಉಳಿದಿದೆ.

ಮಧ್ಯಾಹ್ನ ಎಲ್ಲರೂ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದೆವು. ಬದುವಿನ ಆಚೆ ಜೋಳದ ಹೊಲ. ಪೈರು ಗೇಣುದ್ದ ಬೆಳೆದು ಖಾಲಿ ಜಾಗಗಳು ಇನ್ನೂ ಚೆನ್ನಾಗಿ ಕಾಣುತ್ತಿದ್ದವು. ಅವ್ವ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿ ಆ ಕಡೆ ನೋಡಿದಳು.

“ಈ ಹೊಲಾ ಯಾರ ಬಿತ್ಯಾರೋ? ಕೈಯಾಗ ಹದಾ ಇಲ್ಲ ಅವರಿಗೆ.”

ಅಣ್ಣ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹುಸೇನಸಾಬ ಹೇಳಿದ.

“ನಾನ ಬಿತ್ತೀನ್ರಿ ಅವ್ವಾರ.”

ಅವ್ವ ಅವನನ್ನು ಕನಿಕರದಿಂದ ನೋಡಿದಳು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವನ ಕೈಗೆ ಕೊಟ್ಟಳು.

“ನಿನಗ ವಯಸ್ಸಾತು ಹುಸೇನಾ. ಹುಬ್ಬಳ್ಳಿಗೆ ಹೋಗಿ ಆ ಡಾಕ್ಟರಗ ಒಮ್ಮೆ ತೋರಿಸ್ಕೊಂಡ ಬಾ. ಚಲೋ ಗುಳಿಗಿ ಕೊಡ್ತಾನ.”

“ಆತ್ರಿ ಅವ್ವಾರ.”

ಶ್ರಾವಣದಲ್ಲಾಗಿದ್ದರೆ ಇದನ್ನು ನಾನು ಎಷ್ಟು ಚಂದ ಮಾಡಿ ಬರೆಯುತ್ತಿದ್ದೆ, ನೀವು ಎಷ್ಟು ನಗುತ್ತಿದ್ದಿರಿ. ಆವತ್ತು ಆ ಬೇವಿನ ಗಿಡದ ಕೆಳಗೆ ಯಾರೂ ನಗಲಿಲ್ಲ.

ಈ ವಾರ ನಿಮ್ಮ ಮನೆಯಲ್ಲಿ ನೀವು ಯಾರ ಮರೆವಿಗೆ ನಕ್ಕಿರಿ?